ಹಾಲಿನ ಫ್ಯಾಟ್ ಮೆಷಿನ್ ತೆಗೆದುಕೊಳ್ಳುವ ಮೊದಲು ಇದನ್ನು ಓದಿ

ಬದಿಯಡ್ಕ, ಪೆರ್ಲ ಕಡೆ ದನ ಸಾಕುವವರೆಲ್ಲ ದಯವಿಟ್ಟು ಓದಿ. ಫ್ಯಾಟ್, ಪ್ರೋಟೀನ್ ನೋಡುವ ಮೆಷಿನ್ ಅಂತ ಮನೆ ಬಾಗಿಲಿಗೆ ತಂದರೆ ಕೂಡಲೇ ದುಡ್ಡು ಕೊಡಬೇಡಿ. ನಾನು 32,000 ರೂಪಾಯಿ ಕೊಟ್ಟು ಕೂತಿದ್ದೇನೆ.

ನಾವು ಅಕ್ಕಪಕ್ಕದ ಐದು ಮನೆಯ ಹಾಲು ಸೇರಿಸಿ ಮೊಸರು, ತುಪ್ಪ ಮಾಡಿ ಮಾರುವವರು. ಫ್ಯಾಟ್ ನೋಡಿ ರೇಟು ಕೊಡೋಣ ಅಂತ ಆಸೆ. ಮೆಷಿನ್ ಮಾರಲು ಬಂದವ ಬ್ಯಾಗಿನಿಂದ ತಾನೇ ತಂದ ಟೋನ್ಡ್ ಹಾಲಿನ ಪ್ಯಾಕೆಟ್ ತೆಗೆದ. ಮೆಷಿನ್‌ನಲ್ಲಿ ಫ್ಯಾಟ್ 3.0, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) 8.5 ಬಂತು. ಪ್ಯಾಕೆಟ್ ಮೇಲೂ ಅದೇ. "ನೋಡಿ ಅಕ್ಕ, ಸರಿ ಇದೆಯಲ್ಲ?" ಎಂದ. ನಮ್ಮ ಹಟ್ಟಿಯ ಹಾಲು ಅಲ್ಲೇ ಪಕ್ಕದಲ್ಲಿತ್ತು. ಇದನ್ನೂ ಹಾಕಿ ಎಂದು ನನ್ನ ಬಾಯಿಗೆ ಬರಲೇ ಇಲ್ಲ! ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪಕ್ಕದಲ್ಲೇ ಇತ್ತು.

ಮೂರನೇ ವಾರ ಆಚೆಮನೆ ಅಜ್ಜಿಯ ಹಾಲಿನಲ್ಲಿ ನೀರು ಶೇಕಡಾ 9 ಎಂದು ತೋರಿಸಿತು. "ಅಜ್ಜಿ, ನೀರು ಏನಾದರೂ ಸೇರಿತಾ?" ಎಂದು ಕೇಳಿಯೇ ಬಿಟ್ಟೆ. ಅವರು ಮಾತಾಡದೆ ಪಾತ್ರೆ ಹಿಡಿದುಕೊಂಡು ಹೋದರು.

ಉಳಿದಿದ್ದ ಅದೇ ಸ್ಯಾಂಪಲನ್ನು ಮೂರು ಸಲ ಹಾಕಿದೆ. ಫ್ಯಾಟ್ 2.9, 3.6, 4.4 ಬಂತು. ಒಳ್ಳೆಯ ಮೆಷಿನ್ ಆದರೆ 0.1 ಆಚೀಚೆ ಆಗಬಹುದು, ಇಷ್ಟಾ? ಸೊಸೈಟಿಗೆ ಒಯ್ದು ಆಸಿಡ್ ಹಾಕಿ ತಿರುಗಿಸುವ ಗರ್ಬರ್ ಪರೀಕ್ಷೆ ಮಾಡಿಸಿದೆ. ಫ್ಯಾಟ್ 4.1. ಹಾಲಿನ ಸಾಂದ್ರತೆ ನೋಡುವ ಲ್ಯಾಕ್ಟೋಮೀಟರಿನಲ್ಲಿ ನೀರಿನ ಸುಳಿವೇ ಇಲ್ಲ.

ಮೆಷಿನ್ ಮಾರಿದವನಿಗೆ ಫೋನ್ ಮಾಡಿದೆ. "ನಿಮ್ಮ ಕರೆಂಟ್ ಸರಿ ಇಲ್ಲ ಅಕ್ಕ." ಸ್ಟೆಬಿಲೈಜರ್ ಹಾಕಿದೆ, ಹಾಗೇ. "ಹಾಲಿನಲ್ಲಿ ನೊರೆ ಇರ್ತದೆ." ನೊರೆ, ಗುಳ್ಳೆ ಇದ್ದರೆ ತಪ್ಪು ತೋರಿಸುತ್ತದೆ, ನಿಜ. ನೊರೆ ಇಳಿಸಿಯೇ ಹಾಕಿದೆ, ಹಾಗೇ. ಕೊನೆಗೆ "ಕ್ಯಾಲಿಬ್ರೇಷನ್‌ಗೆ (ಅಳತೆ ಸರಿಹೊಂದಿಸುವುದಕ್ಕೆ) ಚಾರ್ಜ್ ಬೇರೆ, ನಾನು ಕೊಡುವಾಗ ಸರಿ ಇತ್ತಲ್ಲ" ಎಂದ. ಈಗ ಫೋನೇ ಎತ್ತುವುದಿಲ್ಲ.

ಪ್ರೋಟೀನ್ ಕಥೆ ಬೇರೆ. ಇದು ಶಬ್ದದ ಅಲೆ ಕಳಿಸಿ ನೋಡುವ ಅಲ್ಟ್ರಾಸಾನಿಕ್ ಮೆಷಿನ್. ಇದರಲ್ಲಿ ಪ್ರೋಟೀನ್ ನೇರವಾಗಿ ಅಳೆಯುವುದಲ್ಲ, ಲೆಕ್ಕ ಹಾಕಿ ತೋರಿಸುವುದು. ದೊಡ್ಡ ಡೈರಿಗಳ ಇನ್ಫ್ರಾರೆಡ್ ಮೆಷಿನ್ ಬೇರೆಯೇ. ಇದನ್ನು ಆತ ಹೇಳಲೇ ಇಲ್ಲ.

ಅಜ್ಜಿಯ ಮನೆಗೆ ಹೋಗಿ ಕ್ಷಮಿಸಿ ಎಂದೆ. ಕಡಿಮೆ ಕೊಟ್ಟಿದ್ದ ದುಡ್ಡನ್ನೂ ಕೊಟ್ಟೆ. ಇನ್ನೂ ಹಾಲು ತರ್ತಾ ಇಲ್ಲ.

ನಿಮ್ಮ ಹಟ್ಟಿಯ ಹಾಲನ್ನೇ ಹಾಕಿಸಿ, ಒಂದೇ ಸ್ಯಾಂಪಲ್ ಐದು ಸಲ. ಅದನ್ನೇ ಗರ್ಬರ್ ಮಾಡಿಸಿ ಹೋಲಿಸಿ. ದನದ ಹಾಲಿಗೆ ಸೆಟ್ ಮಾಡಿದ್ದಾ, ಎಮ್ಮೆ ಹಾಲಿಗಾ ಎಂದು ಕೇಳಿ. ಸರ್ವಿಸ್ ಯಾರು ಮಾಡುತ್ತಾರೆ ಎಂದು ಬಿಲ್ಲಿನಲ್ಲೇ ಬರೆಸಿ. ನನಗೆ ಬಿಲ್ಲೇ ಕೊಟ್ಟಿಲ್ಲ, ನಾನೂ ಕೇಳಲಿಲ್ಲ.

ಆತ ಈಗ ಮುಳ್ಳೇರಿಯ ಕಡೆ ಓಡಾಡುತ್ತಿದ್ದಾನಂತೆ. ಅಲ್ಲಿ ನೆಂಟರಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ.