ಕೊಚ್ಚಿಯಿಂದ ‘ಒಂದೇ ದಿನದ ಮುನ್ನಾರ್’: ದುಡ್ಡು ಕೊಡುವ ಮುನ್ನ ಇದನ್ನು ಓದಿ

ಫೆಬ್ರುವರಿ ಅಥವಾ ಮಾರ್ಚ್ ತಿಂಗಳಲ್ಲಿ ಕೊಚ್ಚಿಯಿಂದ ಮುನ್ನಾರ್‌ಗೆ ಹೋಗಿಬರುವ ಒಂದು ದಿನದ ಪ್ರವಾಸವನ್ನು ಯಾರಾದರೂ ನಿಮಗೆ ಮಾರಲು ಬಂದರೆ, ಅವರ ಪಟ್ಟಿಯಲ್ಲಿ ಇರವಿಕುಳಂ ರಾಷ್ಟ್ರೀಯ ಉದ್ಯಾನದ ಹೆಸರಿದೆಯೇ ಎಂದು ಮೊದಲು ನೋಡಿ. ಇದ್ದರೆ ಮಾತು ಅಲ್ಲಿಗೇ ಮುಗಿಸಿ. ಸಾಮಾನ್ಯವಾಗಿ ಆ ಎರಡು ತಿಂಗಳು ಉದ್ಯಾನದೊಳಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ಅದು ವರಯಾಡು, ಅಂದರೆ ನೀಲಗಿರಿ ತಾರ್ ಎಂಬ ಕಾಡುಮೇಕೆ ಮರಿ ಹಾಕುವ ಕಾಲ. ಇದೇನೂ ಗುಟ್ಟಲ್ಲ. ಕೇರಳದ ಅರಣ್ಯ ಇಲಾಖೆ ಪ್ರತಿ ವರ್ಷ ದಿನಾಂಕ ಪ್ರಕಟಿಸುತ್ತದೆ, ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ದಿನ ಬೆಳಗಾದರೆ ಆ ದಾರಿಯಲ್ಲಿ ಜನರನ್ನು ಸಾಗಿಸುವ ಸಂಸ್ಥೆಗೆ ಇದು ತಿಳಿದಿಲ್ಲ ಎಂದರೆ ನಂಬುವವರು ಯಾರು? ತಿಳಿದೇ ಮಾರುತ್ತಾರೆ. ನಮಗೂ ಹಾಗೆಯೇ ಮಾರಿದರು.

ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ದೂರು ಇನ್ನೂ ಇತ್ಯರ್ಥವಾಗಿಲ್ಲ. ಮೇಲಾಗಿ ಅದೇ ಪಟ್ಟಿ, ಅದೇ ಚಿತ್ರಗಳನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುವವರನ್ನು ನಾನು ಆಮೇಲೆ ಕಂಡಿದ್ದೇನೆ. ಒಂದು ಹೆಸರು ಹೇಳಿದರೆ ಉಳಿದವರೆಲ್ಲ ಸಂಭಾವಿತರು ಎಂದಾಗಿಬಿಡುತ್ತದೆ.

ಎರ್ನಾಕುಲಂನಲ್ಲಿ ಭಾನುವಾರ ನೆಂಟರ ಮದುವೆ, ನಮ್ಮ ರೈಲು ಮಂಗಳವಾರ. ನಡುವೆ ಸಿಕ್ಕ ಸೋಮವಾರಕ್ಕೆ ಅಮ್ಮ, ನನ್ನ ಹೆಂಡತಿ ಮತ್ತು ನಾನು ಈ ಪ್ರವಾಸಕ್ಕೆ ಹೊರಟೆವು. ತಲೆಗೆ 2,400 ರೂಪಾಯಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕರಪತ್ರದಲ್ಲಿ ಇರವಿಕುಳಂ ಇತ್ತು, ಚಹಾ ವಸ್ತುಸಂಗ್ರಹಾಲಯ ಇತ್ತು, ‘ನುರಿತ ಮಾರ್ಗದರ್ಶಿಯೊಂದಿಗೆ ಚಹಾ ತೋಟದಲ್ಲಿ ನಡಿಗೆ’ ಇತ್ತು, ಜಲಪಾತಗಳಿದ್ದವು. ಮೇಲ್ಗಡೆ ಗುಡ್ಡಕ್ಕೆ ಗುಡ್ಡವೇ ನೇರಳೆ ಬಣ್ಣದ ಹೂವಿನಿಂದ ಮುಚ್ಚಿದ ಚಿತ್ರ. ಅದು ನೀಲಕುರಿಂಜಿ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು. ಮುನ್ನಾರ್ ಗುಡ್ಡಗಳಲ್ಲಿ ಅದು ಹೀಗೆ ಅರಳಿದ್ದು 2018ರಲ್ಲಿ, ಮತ್ತೆ ಅರಳಬೇಕಾದದ್ದು 2030ರಲ್ಲಿ. ಕರಪತ್ರದ ಚಿತ್ರದಲ್ಲೇ ಇಷ್ಟು ಧಾರಾಳವಾಗಿದ್ದವರು ಉಳಿದದ್ದರಲ್ಲಿ ಹೇಗಿರಬಹುದು ಎಂದು ನೀವೇ ಲೆಕ್ಕ ಹಾಕಿ.

ಸೋಮವಾರ ಎಂದೆನಲ್ಲ, ಅದರಲ್ಲೂ ಒಂದು ಕಿತಾಪತಿಯಿದೆ. ನಲ್ಲತಣ್ಣಿ ಎಸ್ಟೇಟಿನಲ್ಲಿರುವ ಚಹಾ ವಸ್ತುಸಂಗ್ರಹಾಲಯಕ್ಕೆ ಸೋಮವಾರ ವಾರದ ರಜೆ. ಹಾಗಾಗಿ ನಾವು ಕೊಂಡದ್ದು ಮುಚ್ಚಿದ ಕಾಡು, ಮುಚ್ಚಿದ ಸಂಗ್ರಹಾಲಯ ಮತ್ತು ಬೇಸಿಗೆಯ ಜಲಪಾತ. ಚೀಯಪ್ಪಾರ ಮಳೆಗಾಲದಲ್ಲಿ ರಸ್ತೆಯ ಪಕ್ಕದಲ್ಲೇ ಏಳು ಹಂತದಲ್ಲಿ ಧುಮ್ಮಿಕ್ಕುತ್ತದಂತೆ. ನಾವು ಹೋದಾಗ ಬಂಡೆಯ ಮೇಲೆ ನೀರಿನ ಗೆರೆ ಇತ್ತು, ಕೆಳಗೆ ಜೋಳ ಸುಡುವವರಿದ್ದರು. ಜೋಳ ಚೆನ್ನಾಗಿತ್ತು.

ಈಗ ದೂರದ ಲೆಕ್ಕಕ್ಕೆ ಬರೋಣ. ಕೊಚ್ಚಿಯಿಂದ ಮುನ್ನಾರ್ ಸುಮಾರು 130 ಕಿಲೋಮೀಟರ್. ಕೋದಮಂಗಲಂ ದಾಟಿ, ಪೆರಿಯಾರ್ ನದಿಗೆ 1935ರಲ್ಲಿ ಕಟ್ಟಿದ ನೇರ್ಯಮಂಗಲಂ ಕಮಾನು ಸೇತುವೆ ದಾಟಿದ ಮೇಲೆ ಘಟ್ಟ ಶುರು. ಎಲ್ಲಿಯೂ ನಿಲ್ಲದೆ ಹೋದರೂ ನಾಲ್ಕು ತಾಸು ಬೇಕು, ಬರಲು ಮತ್ತೆ ಅಷ್ಟೇ. ಬೆಳಿಗ್ಗೆ ಆರೂವರೆಗೆ ಹೊರಟು ರಾತ್ರಿ ಒಂಬತ್ತಕ್ಕೆ ಮರಳುವ ಪ್ರವಾಸದಲ್ಲಿ ಎಂಟು ತಾಸು ರಸ್ತೆಗೇ ಹೋಯಿತು. ತಿಂಡಿ, ಊಟ ಕಳೆದು ಉಳಿಯುವ ನಾಲ್ಕೈದು ತಾಸಿನಲ್ಲಿ ಇರವಿಕುಳಂ ಒಂದೇ ಎರಡು ಮೂರು ತಾಸು ಬೇಡುತ್ತದೆ. ಅಲ್ಲಿ ನಿಮ್ಮ ವಾಹನ ಒಳಗೆ ಹೋಗುವುದಿಲ್ಲ; ಸಮಯ ನಮೂದಿಸಿದ ಟಿಕೆಟ್ ತೆಗೆದುಕೊಂಡು ಇಲಾಖೆಯ ಬಸ್ಸಿನಲ್ಲಿ ರಾಜಮಲದವರೆಗೆ ಹೋಗಬೇಕು. ಅಂದರೆ ಉದ್ಯಾನ ತೆರೆದಿದ್ದರೂ ಕರಪತ್ರದಲ್ಲಿದ್ದ ಏಳು ಸ್ಥಳಗಳನ್ನು ಅಂದು ನೋಡಲು ಆಗುತ್ತಿರಲಿಲ್ಲ. ಹಾಗಾದರೆ ಆ ನಾಲ್ಕೈದು ತಾಸಿನಲ್ಲಿ ಮಾಡಿಸುವುದೇನು? ಅಂಗಡಿ ಸುತ್ತಿಸುವುದು.

ಅಡಿಮಾಲಿಗೆ ಮುಂಚೆಯೇ ವಾಹನ ಒಂದು ‘ಸಾಂಬಾರ ಪದಾರ್ಥಗಳ ತೋಟ’ದ ಮುಂದೆ ನಿಂತಿತು. ಪ್ರವೇಶಕ್ಕೆ ತಲಾ 200 ರೂಪಾಯಿ, ಇದು 2,400ರಲ್ಲಿ ಸೇರಿಲ್ಲ. ನುರಿತ ಮಾರ್ಗದರ್ಶಿ ಎಂದಿದ್ದರಲ್ಲ, ಆತ ನಮ್ಮ ವಾಹನದ ಚಾಲಕನೇ. ಅವನು ಕೆಳಗಿಳಿದು ಕಾವಲುಗಾರನ ಬಳಿ ನಿಂತ. ಕಾವಲುಗಾರ ಒಂದು ಉದ್ದನೆಯ ನೋಟ್‌ಪುಸ್ತಕದಲ್ಲಿ ವಾಹನದ ಸಂಖ್ಯೆ ಬರೆದುಕೊಂಡು, ಇಳಿದವರ ತಲೆ ಎಣಿಸಿ ಪಕ್ಕದಲ್ಲಿ ‘11’ ಎಂದು ಬರೆದ. ನಮ್ಮನ್ನು ಒಬ್ಬ ಹುಡುಗ ಒಳಗೆ ಕರೆದುಕೊಂಡು ಹೋಗಿ ಮೆಣಸಿನ ಬಳ್ಳಿ ತೋರಿಸಿ ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ನನ್ನ ಅಮ್ಮ ಹುಟ್ಟಿ ಬೆಳೆದದ್ದು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಅಲ್ಲ ಕಣೋ, ಇನ್ನೂರು ರೂಪಾಯಿ ಕೊಟ್ಟು ಮೆಣಸಿನ ಬಳ್ಳಿ ನೋಡುವುದಾದರೆ ನಿನ್ನ ಸೋದರಮಾವ ಈ ಹೊತ್ತಿಗೆ ಕೋಟ್ಯಧೀಶ ಆಗಬೇಕಿತ್ತು” ಎಂದರು.

ತೋಟದಿಂದ ಹೊರಬರುವ ದಾರಿ ಅಂಗಡಿಯ ಒಳಗಿನಿಂದಲೇ ಇತ್ತು, ಬೇರೆ ದಾರಿಯಿಲ್ಲ. ಗಾಜಿನ ಭರಣಿಯಲ್ಲಿ ಏಲಕ್ಕಿ ಹಚ್ಚಗೆ ಮಿಂಚುತ್ತಿತ್ತು, ನೂರು ಗ್ರಾಂಗೆ 650 ರೂಪಾಯಿ. ಅಮ್ಮ ಒಂದು ಕಾಯಿ ಎತ್ತಿಕೊಂಡು ಉಗುರಿನಿಂದ ಬಿಡಿಸಿದರು. ಒಳ್ಳೆಯ ಏಲಕ್ಕಿಯ ಬೀಜ ಕಪ್ಪಗೆ, ಮುಟ್ಟಿದರೆ ಸ್ವಲ್ಪ ಅಂಟು ಅಂಟಾಗಿ ಇರುತ್ತದೆ. ಇದರೊಳಗಿನ ಬೀಜ ಮಾಸಲು ಕಂದು, ಒಣಗಿ ಒಂದಕ್ಕೊಂದು ಬಿಟ್ಟುಕೊಂಡಿತ್ತು. ಒದ್ದೆ ಕರ್ಚೀಫಿನಲ್ಲಿ ಸಿಪ್ಪೆಯನ್ನು ಉಜ್ಜಿದರೆ ಬಟ್ಟೆಗೆ ತೆಳುವಾಗಿ ಹಸಿರು ಹತ್ತಿತು. ಅಂಗಡಿಯವನು ಭರಣಿಯನ್ನು ಆಚೆ ಸರಿಸಿದ. ಅಷ್ಟರಲ್ಲಿ ಬಿಳಿ ಕೋಟು ತೊಟ್ಟ ಒಬ್ಬರು ಅಮ್ಮನ ಮಂಡಿಯನ್ನು ನೋಡಿದ ತಕ್ಷಣವೇ ಕಾಯಿಲೆ ಪತ್ತೆಹಚ್ಚಿ 1,200 ರೂಪಾಯಿಯ ತೈಲ ಬರೆದುಕೊಟ್ಟರು. ನಮ್ಮ ಜೊತೆಗಿದ್ದ ನಾಗಪುರದ ದಂಪತಿ ಅದನ್ನು ಕೊಂಡರು. ಬಿಲ್ ಮಾಡುವಾತ ಅವರನ್ನು ಕೇಳಿದ ಮೊದಲ ಪ್ರಶ್ನೆ ಹೆಸರಲ್ಲ, “ನಿಮ್ಮ ವಾಹನದ ಸಂಖ್ಯೆ ಎಷ್ಟು?” ಎಂದು. ಬಾಗಿಲಿನ ನೋಟ್‌ಪುಸ್ತಕ ಏಕೆಂದು ಆಗ ಗೊತ್ತಾಯಿತು. ನೀವು ಕೊಂಡದ್ದರಲ್ಲಿ ಒಂದು ಪಾಲು ನಿಮ್ಮನ್ನು ಕರೆತಂದವನಿಗೆ. ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಬೆಲೆಯಲ್ಲಿ ಆ ಪಾಲೂ ಸೇರಿದೆ ಎಂದೇ ತಿಳಿಯಿರಿ.

ಮುನ್ನಾರ್ ತಲುಪಿದಾಗ ಮಧ್ಯಾಹ್ನ ಒಂದೂವರೆ. ಊಟಕ್ಕೆ ಅವರೇ ಹೇಳಿದ ಹೋಟೆಲು, ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಎರಡೂಮುಕ್ಕಾಲಿಗೆ ಇರವಿಕುಳಂ ಬಾಗಿಲು. ಮುಚ್ಚಿತ್ತು. ಮಲಯಾಳ ಮತ್ತು ಇಂಗ್ಲಿಷಿನಲ್ಲಿ ದಿನಾಂಕ ಸಮೇತ ಫಲಕ ಹಾಕಿದ್ದರು. ಚಾಲಕ ವಾಹನ ನಿಲ್ಲಿಸಿ, “ಓಹ್, ಇವತ್ತು ಮುಚ್ಚಿದ್ದಾರೆ” ಎಂದ. ಇವತ್ತು! ಫೋನಿನಲ್ಲಿ ಸಂಸ್ಥೆಯವರನ್ನು ಹಿಡಿದರೆ, “ಅರಣ್ಯ ಇಲಾಖೆಯ ತೀರ್ಮಾನ ಸರ್, ನಮ್ಮ ಕೈಯಲ್ಲಿ ಏನಿದೆ? ಬದಲಿ ಸ್ಥಳ ತೋರಿಸುತ್ತೇವೆ” ಎಂಬ ಉತ್ತರ. ಬದಲಿ ಎಂದರೆ ಇನ್ನೊಂದು ಪ್ರವೇಶ ಶುಲ್ಕದ ಹೂದೋಟ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಉದ್ಯಾನ ಮುಚ್ಚಿದ್ದಕ್ಕೆ ನನಗೆ ಸಿಟ್ಟಿಲ್ಲ. 97 ಚದರ ಕಿಲೋಮೀಟರಿನ ಆ ಹುಲ್ಲುಗಾವಲು ವರಯಾಡುಗಳ ಬಹುದೊಡ್ಡ ನೆಲೆ. ಅವುಗಳಿಗಾಗಿಯೇ 1975ರಲ್ಲಿ ಅದನ್ನು ಅಭಯಾರಣ್ಯವನ್ನಾಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದ್ದು. ಹಿಮಾಲಯದಿಂದ ಈಚೆಗೆ ದೇಶದ ಅತಿ ಎತ್ತರದ ಶಿಖರ, 2,695 ಮೀಟರಿನ ಆನಮುಡಿ ಇರುವುದೂ ಅಲ್ಲೇ. ವರ್ಷದಲ್ಲಿ ಎರಡು ತಿಂಗಳು ಆ ಪ್ರಾಣಿಗಳನ್ನು ಅವುಗಳ ಪಾಡಿಗೆ ಬಿಡುವುದು ನ್ಯಾಯವೇ. ನನ್ನ ತಕರಾರು ಬೀಗ ಹಾಕಿದ ಬಾಗಿಲಿಗೆ ಟಿಕೆಟ್ ಮಾರಿದವರ ಮೇಲೆ.

ಚಹಾ ತೋಟದ ನಡಿಗೆಯ ಕಥೆ ಇನ್ನೂ ಬೇಸರದ್ದು. ರಸ್ತೆಬದಿ ವಾಹನ ನಿಲ್ಲಿಸಿ, ‘ಅತಿಕ್ರಮ ಪ್ರವೇಶ ನಿಷೇಧ’ ಎಂಬ ಫಲಕದ ಪಕ್ಕದಿಂದಲೇ ನಮ್ಮನ್ನು ಸಾಲುಗಳ ನಡುವೆ ಇಳಿಸಿದ. ಅಲ್ಲಿನ ಚಹಾ ಗುಡ್ಡಗಳೆಲ್ಲ ಯಾರದೋ ಎಸ್ಟೇಟು. ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಔಷಧಿ ಹೊಡೆದ ಸಾಲು ಯಾವುದೆಂದು ಹೊರಗಿನವರಿಗೆ ತಿಳಿಯುವುದೂ ಇಲ್ಲ. ಕೆಲಸದಲ್ಲಿದ್ದ ಹೆಂಗಸೊಬ್ಬರನ್ನು ಚಾಲಕ ಕೂಗಿ ಕರೆದು, ಫೋಟೋಗೆ ನಿಲ್ಲಿ, ಇವರು ನೂರು ರೂಪಾಯಿ ಕೊಡುತ್ತಾರೆ ಎಂದ. ಚಿತ್ರಗಳಲ್ಲಿ ಕಾಣುವ ಹಾಗೆ ಅವರು ಎರಡು ಎಲೆ ಒಂದು ಮೊಗ್ಗನ್ನು ಬೆರಳಿನಿಂದ ಚಿವುಟುತ್ತಿರಲಿಲ್ಲ. ಕೈಯಲ್ಲಿ ದೊಡ್ಡ ಕತ್ತರಿ, ಅದಕ್ಕೆ ಅಂಟಿಸಿದ ಡಬ್ಬಿ. ಕತ್ತರಿ ಆಡಿದಂತೆ ಚಿಗುರು ಡಬ್ಬಿಗೆ ಬೀಳುತ್ತದೆ, ತುಂಬಿದಾಗ ಬೆನ್ನಿನ ಚೀಲಕ್ಕೆ ಸುರಿಯುತ್ತಾರೆ. ಅವರು ನಮ್ಮ ಕಡೆ ಒಮ್ಮೆ ನೋಡಿ ಮತ್ತೆ ಕತ್ತರಿ ಆಡಿಸತೊಡಗಿದರು. ಸಂಜೆ ತೂಕದ ಲೆಕ್ಕ ಕೊಡಬೇಕಾದವರಿಗೆ ನಮ್ಮ ಫೋಟೋದಿಂದ ಏನಾಗಬೇಕು? ಮೇಸ್ತ್ರಿ ಬಂದು ನಮ್ಮನ್ನು ಹೊರಗೆ ಕಳಿಸಿದರು. ಅವರು ಮಾಡಿದ್ದು ಸರಿ.

ವಾಪಸ್ ವಾಹನಕ್ಕೆ ಬಂದ ಮೇಲೆ ಚಾಲಕ ಮಾರ್ಗದರ್ಶಿಯ ವೇಷ ಹಾಕಿ, ಇಲ್ಲಿನ ಕೂಲಿಯವರು ಬಹಳ ಸುಖಿಗಳು, ಈ ತೋಟಗಳಿಗೆ ನಾನ್ನೂರು ವರ್ಷ ಎಂದ. ಇಲ್ಲಿ ಚಹಾ ನೆಡಲು ತೊಡಗಿದ್ದು 1880ರ ಸುಮಾರಿಗೆ. ಇನ್ನು ಸುಖದ ಮಾತು: 2015ರ ಸೆಪ್ಟೆಂಬರಿನಲ್ಲಿ ಬೋನಸ್ಸಿಗಾಗಿ, ಕೂಲಿಗಾಗಿ ಇದೇ ಮುನ್ನಾರ್‌ನ ಹೆಣ್ಣುಮಕ್ಕಳು ಯೂನಿಯನ್ ನಾಯಕರನ್ನೂ ದೂರವಿಟ್ಟು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದು ಕೂತಿದ್ದರು. ಪೆಂಬಿಳೈ ಒರುಮೈ ಎಂಬ ಆ ಹೋರಾಟದ ಹೊತ್ತಿಗೆ ಅವರ ದಿನಗೂಲಿ 232 ರೂಪಾಯಿ. 2020ರ ಆಗಸ್ಟಿನಲ್ಲಿ ಪೆಟ್ಟಿಮುಡಿಯ ಕಾರ್ಮಿಕರ ಲೈನ್‌ಮನೆಗಳ ಮೇಲೆ ಗುಡ್ಡ ಕುಸಿದು 70 ಮಂದಿ ಮಡಿದರು. ನಾವು ನಿಂತಿದ್ದ ಇರವಿಕುಳಂನ ಆಚೆ ಬದಿಗೇ ಆ ಊರು. ಇಷ್ಟನ್ನಾದರೂ ಹೇಳಬಲ್ಲವರು ಜೊತೆಗಿದ್ದರೆ ಮಾತ್ರ ಮಾರ್ಗದರ್ಶಿಗೆಂದು ಕೊಟ್ಟ ಹಣಕ್ಕೆ ಅರ್ಥ.

ಕೊನೆಗೆ ‘ಚಹಾ ಕಾರ್ಖಾನೆ’. ಚಿಗುರನ್ನು ತೊಟ್ಟಿಗಳ ಮೇಲೆ ಹರಡಿ ರಾತ್ರಿಯಿಡೀ ಬಾಡಿಸುತ್ತಾರೆ, ಹಲ್ಲಿನ ಉರುಳೆಗಳ ನಡುವೆ ಹರಿದು ಸುರುಳಿ ಮಾಡುತ್ತಾರೆ, ಗಾಳಿಗೆ ಬಿಟ್ಟು ತಾಮ್ರದ ಬಣ್ಣಕ್ಕೆ ತಿರುಗಿದ ಮೇಲೆ ಒಣಗಿಸಿ ಜರಡಿ ಹಿಡಿಯುತ್ತಾರೆ. ಇದನ್ನು ನೋಡುವ ಆಸೆ ನನ್ನ ಹೆಂಡತಿಗಿತ್ತು. ಅಲ್ಲಿ ಇದ್ದದ್ದು ತಗಡಿನ ಮಾಡಿನ ಒಂದು ಮಳಿಗೆ, ಗೋಡೆಯ ಮೇಲೆ ಯಂತ್ರಗಳ ಫೋಟೋ, ಬಾಗಿಲಲ್ಲಿ ಮತ್ತದೇ ನೋಟ್‌ಪುಸ್ತಕ. ‘ವಿಶೇಷ ಚಹಾ’ ಕಾಲು ಕಿಲೋಗೆ 480 ರೂಪಾಯಿ, ಪೊಟ್ಟಣದ ಮೇಲೆ ತಯಾರಕರ ವಿಳಾಸವಿಲ್ಲ, ಪರವಾನಗಿ ಸಂಖ್ಯೆಯಿಲ್ಲ. ಇಂಥ ಪುಡಿಯನ್ನು ಈಗಾಗಲೇ ಕೊಂಡಿದ್ದರೆ ಒಂದು ಚಿಟಿಕೆಯನ್ನು ಸೋಸುವ ಕಾಗದದ ಮೇಲೆ ಹರಡಿ ತಣ್ಣೀರು ಚಿಮುಕಿಸಿ; ಬಣ್ಣ ಬೆರೆಸಿದ್ದರೆ ಕಾಗದಕ್ಕೆ ಕೂಡಲೇ ಕಲೆ ಹತ್ತುತ್ತದೆ. ನಾಗಪುರದವರು ಇಲ್ಲಿಯೂ ಕೊಂಡರು. ಪಾಪ, ಮೊಮ್ಮಕ್ಕಳಿಗೆ ಏನಾದರೂ ಒಯ್ಯಬೇಕಲ್ಲ ಎಂದು ಚಾಕೊಲೇಟನ್ನೂ ಕೊಂಡರು.

ಮುನ್ನಾರ್ ಮೇಲೆ ಯಾರೂ ಮುನಿಯಬೇಕಿಲ್ಲ. ಅಲ್ಲಿ ಒಂದು ರಾತ್ರಿಯಾದರೂ ತಂಗಿ. ಏಪ್ರಿಲ್ ಮೊದಲ ವಾರದ ನಂತರ ಅಥವಾ ಮಳೆ ಮುಗಿದ ಮೇಲೆ ಹೋಗಿ. ಇರವಿಕುಳಂ ಟಿಕೆಟ್ಟನ್ನು ಅರಣ್ಯ ಇಲಾಖೆಯ ಜಾಲತಾಣದಲ್ಲಿ ನೀವೇ ತೆಗೆದುಕೊಳ್ಳಿ. ಉದ್ಯಾನ ಮುಚ್ಚಿರುವ ದಿನಕ್ಕೆ ಯಾವ ಏಜೆಂಟನಿಗೂ ಟಿಕೆಟ್ ಸಿಗುವುದಿಲ್ಲ. ಊರು ಸುತ್ತಲು ಕೇರಳ ಸಾರಿಗೆ ಸಂಸ್ಥೆಯೇ ಮುನ್ನಾರ್‌ನಿಂದ ಬಸ್ ಓಡಿಸುತ್ತದೆ, ಅದು ಅಂಗಡಿಗಳ ಬಾಗಿಲಲ್ಲಿ ತಲೆ ಎಣಿಸುವುದಿಲ್ಲ. ಖಾಸಗಿ ವಾಹನವೇ ಬೇಕೆಂದರೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಇರುವುದನ್ನೇ ಹತ್ತಿ. ಬಿಳಿ ಫಲಕದ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುವವರು ಅಲ್ಲಿ ಸಾಕಷ್ಟಿದ್ದಾರೆ. ಘಟ್ಟದಲ್ಲಿ ಏನಾದರೂ ಆದರೆ ವಿಮೆಯವರು ಕೈ ಎತ್ತಿಬಿಡಬಹುದು.

ನಮ್ಮ ದೂರಿನ ವಿಷಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಅಲ್ಲಿಂದ ನೋಟಿಸು ಹೋದ ಮೇಲೆ, ಅಲ್ಲಿಯವರೆಗೆ ಫೋನ್ ಎತ್ತದಿದ್ದ ಸಂಸ್ಥೆಯವರು ತಾವಾಗಿಯೇ ಕರೆ ಮಾಡಿ ತಲೆಗೆ 500 ರೂಪಾಯಿ ಮರಳಿಸುತ್ತೇವೆ, ನೀವು ಬರೆದ ವಿಮರ್ಶೆ ಅಳಿಸಿ ಎಂದರು. ಒಪ್ಪಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಹಾಗಾಗಿ ಕೊಚ್ಚಿಗೆ ಅಲೆಯಬೇಕಿಲ್ಲ, ಬೆಂಗಳೂರಿನಲ್ಲೇ ಸಾಕು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕರಪತ್ರ, ಹಣ ಕಳಿಸಿದ ದಾಖಲೆ, ಬಾಗಿಲಲ್ಲಿದ್ದ ಫಲಕದ ಫೋಟೋ ಇಷ್ಟನ್ನು ಸೇರಿಸಿ ಕೊಟ್ಟಿದ್ದೇನೆ.

ಈ ಫೆಬ್ರುವರಿಗೋ ಮಾರ್ಚಿಗೋ ಈಗಾಗಲೇ ದುಡ್ಡು ಕಟ್ಟಿದವರಿದ್ದರೆ, ಫೋನಿನಲ್ಲಿ ಕೇಳಬೇಡಿ, ಬರವಣಿಗೆಯಲ್ಲಿ ಕೇಳಿ: “ನಮ್ಮ ದಿನಾಂಕದಂದು ಇರವಿಕುಳಂ ಒಳಗೆ ಕರೆದುಕೊಂಡು ಹೋಗುತ್ತೀರಾ? ಇಲ್ಲವಾದರೆ ಎಷ್ಟು ಹಣ ಹಿಂದಿರುಗಿಸುತ್ತೀರಿ?” ಉತ್ತರ ಬಂದರೂ ಬಾರದಿದ್ದರೂ ಆ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ, ಆಯೋಗದ ಮುಂದೆ ಬೇಕಾಗುತ್ತದೆ.