ಯುಕೆ ಪಾರ್ಟ್ನರ್ ವೀಸಾಗೆ ರೆಂಟ್ ಅಗ್ರಿಮೆಂಟ್ ನಾವೇ ಮಾಡಿಸ್ಕೊಡ್ತೀವಿ ಅನ್ನೋ ಏಜೆಂಟ್ ಸಿಕ್ರೆ ಎದ್ದು ಬನ್ನಿ

ಮದುವೆ ಆಗದೆ ಇರೋ ಜೋಡಿ ಯಾರಾದ್ರೂ ಯುಕೆ ಫ್ಯಾಮಿಲಿ ವೀಸಾ ಹಾಕೋಕೆ ಹೊರಟಿದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ನಮಗೆ ಮಾಡಿದ್ದು ಇದು, ಹೆಸರು ಹಾಕಲ್ಲ, ಇಂಥೋರು ಏರಿಯಾಗೊಬ್ರು ಇದಾರೆ. ನಾನು ಇಂಗ್ಲೆಂಡಲ್ಲಿ ಕೆಲಸದಲ್ಲಿದೀನಿ, ಐಎಲ್‌ಆರ್ ಸಿಕ್ಕಿದೆ, ಅಂದ್ರೆ ಇಲ್ಲಿನ ಪಿಆರ್, ಕಾಯಂ ಆಗಿ ಇರೋಕೆ ಪರ್ಮಿಷನ್. ನನ್ನ ಪಾರ್ಟ್ನರ್ ಬೆಂಗಳೂರಲ್ಲಿ. ಮದುವೆ ಯಾಕೆ ಆಗಿಲ್ಲ ಅಂತ ಮಾತ್ರ ಕೇಳ್ಬೇಡಿ, ಆ ಕೆಲಸಕ್ಕೆ ನಮ್ಮ ದೊಡ್ಡಮ್ಮ ಒಬ್ರೇ ಸಾಕು.

ಆಸಾಮಿ ಮೊದಲ ದಿನವೇ ಅವಳಿಗೆ ಹೇಳಿದ್ದು, "ಮೇಡಂ, ಎರಡು ವರ್ಷ ಒಂದೇ ಮನೇಲಿದ್ದಿದ್ದಕ್ಕೆ ಪ್ರೂಫ್ ಇಲ್ದೆ ಫೈಲೇ ಮೂವ್ ಆಗಲ್ಲ, ನೀವು ಟೆನ್ಷನ್ ತಗೋಬೇಡಿ, ರೆಂಟ್ ಅಗ್ರಿಮೆಂಟ್ ನಾವೇ ಮಾಡಿಸ್ಕೊಡ್ತೀವಿ" ಅಂತ. ಒಟ್ಟಿಗೆ ವಾಸ ಮಾಡಿರ್ಲೇಬೇಕು ಅನ್ನೋ ಆ ರೂಲು 2024ರ ಜನವರಿ 31ಕ್ಕೇ ಬದಲಾಗಿದೆ. ಈಗ ಕನಿಷ್ಠ ಎರಡು ವರ್ಷದಿಂದ ಮದುವೆಯಂಥ ಸಂಬಂಧದಲ್ಲಿದೀವಿ ಅಂತ ತೋರಿಸ್ಬೇಕು, ಕೆಲಸಕ್ಕೋ ಮನೆಯವರ ಕಾರಣಕ್ಕೋ ಬೇರೆ ಬೇರೆ ಇದ್ರೆ ಯಾಕೆ ಅಂತ ವಿವರಿಸಿ, ಬಂದು ಹೋಗಿದ್ದ ಟಿಕೆಟ್ಟು, ದುಡ್ಡು ಕಳಿಸಿದ್ದು, ಫೋಟೋ ಎಲ್ಲ ಜೋಡಿಸ್ಬೇಕು ಅಷ್ಟೆ.

ಆ ಅಗ್ರಿಮೆಂಟಿನ ಸ್ಯಾಂಪಲ್ ಬೇರೆ ಕಳಿಸಿದ್ದ. ಕೆಳಗೆ 2022 ಅಂತ ಟೈಪ್ ಮಾಡಿದಾರೆ, ಮೇಲೆ ಇ-ಸ್ಟಾಂಪಲ್ಲಿ ಇಶ್ಯೂ ಡೇಟು ಹಿಂದಿನ ವಾರದ್ದು, ಟೈಮ್ ಸಮೇತ! ಸರ್ಟಿಫಿಕೇಟ್ ನಂಬರ್, ಅದರಲ್ಲಿರೋ ವಿವರ ಹಾಕಿದ್ರೆ ಆನ್‌ಲೈನಲ್ಲಿ ಯಾರು ಬೇಕಾದ್ರೂ ನೋಡ್ಬೋದು. ಇವಳು ಝೂಮ್ ಮಾಡಿ ತೋರಿಸಿ, ಇದು ಬೇಡವೇ ಬೇಡ ಅಂದ್ಲು. ಸುಳ್ಳು ಕಾಗದ ಸಿಕ್ಕಿಬಿದ್ರೆ ಮುಂದೆ ವಿಸಿಟ್ ವೀಸಾಗೂ 10 ವರ್ಷ ಬಾಗಿಲು ಮುಚ್ಚಬಹುದು, ಅವನಿಗೇನು, ಅವನ ಪಾಸ್‌ಪೋರ್ಟ್ ಅಲ್ವಲ್ಲ.

ಅಷ್ಟೊತ್ತಿಗೆ ದುಡ್ಡು ಕೊಟ್ಟಾಗಿತ್ತು, ಸರಿ ನಿಜವಾದ ಪ್ರೂಫೇ ಹಾಕ್ತೀನಿ ಅಂದ. ಆದ್ರೆ ಅಪ್ಲಿಕೇಷನ್ ಅವನ ಇಮೇಲಲ್ಲಿ, ಪಾಸ್‌ವರ್ಡ್ ಅವನ ಹತ್ರ, ಕೇಳಿದಾಗೆಲ್ಲ "ಆಫೀಸ್ ಪಾಲಿಸಿ ಮೇಡಂ". ಏನು ಅಪ್‌ಲೋಡ್ ಮಾಡಿದ್ದ ಅಂತ ಗೊತ್ತಾಗಿದ್ದು ರಿಫ್ಯೂಸ್ ಆದ ಮೇಲೇನೆ. ಮೊದಲು ಆದಾಯದ ವಿಷಯ. 2024ರ ಏಪ್ರಿಲ್ 11ರಿಂದ ಇಲ್ಲಿರೋರ ಆದಾಯ ವರ್ಷಕ್ಕೆ 29,000 ಪೌಂಡ್ ಇರ್ಬೇಕು, ಮುಂಚೆ 18,600 ಇತ್ತು. ಅರ್ಜಿ ಹಾಕೋರು ಇಂಡಿಯಾದಲ್ಲಿದ್ರೆ ಅವರ ಅಲ್ಲಿನ ಸಂಬಳ ಲೆಕ್ಕಕ್ಕೇ ಬರಲ್ಲ. ಈ ಮಹಾಶಯ ಅವಳ ಸಂಬಳಾನೂ ಸೇರಿಸಿ ಬರೆದಿದ್ದ, ನನ್ನದೊಂದೇ ಸಾಕಿತ್ತು! ಅದರ ಮೇಲೆ ನನ್ನ ಆರು ತಿಂಗಳ ಪೇಸ್ಲಿಪ್ ಹಾಕಿ, ಆ ಸಂಬಳ ಅಕೌಂಟಿಗೆ ಬಿದ್ದಿದ್ದು ತೋರ್ಸೋ ಬ್ಯಾಂಕ್ ಸ್ಟೇಟ್‌ಮೆಂಟ್ ಬಿಟ್ಟಿದಾನೆ, ನಾನು ಕಳಿಸಿದ್ದೆ, ಮೇಲ್ ಇನ್ನೂ ಇದೆ. ಸಂಬಂಧಕ್ಕೆ ಪ್ರೂಫ್ ಅಂತ ಹಾಕಿದ್ದ ಚಾಟ್ ಅಂತೂ ಕೇಳ್ಲೇಬೇಡಿ, "ಊಟ ಆಯ್ತಾ" "ಹ್ಞೂ ನಿಂದು" ಅಂತ ಪುಟಗಟ್ಟಲೆ ಕನ್ನಡ ಸ್ಕ್ರೀನ್‌ಶಾಟು, ಕೆಲವು ಅಡ್ಡಡ್ಡ, ಒಂದಕ್ಕೂ ಇಂಗ್ಲಿಷ್ ಅನುವಾದ ಇಲ್ಲ. ಇಂಗ್ಲಿಷಲ್ಲಿ ಇಲ್ಲದ ಕಾಗದಕ್ಕೆ ಸರ್ಟಿಫೈಡ್ ಅನುವಾದ ಕೊಡ್ಲೇಬೇಕು.

ವೀಸಾ ಫೀಸು ನಾವು ಕಟ್ಟಿದಾಗ 1,938 ಪೌಂಡ್ ಇತ್ತು, ಅದು ಹೋಯ್ತು. ಹೆಲ್ತ್ ಸರ್ಚಾರ್ಜ್, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಮುಂಚೇನೇ ಕಟ್ಟೋ ದುಡ್ಡು, 3,105 ಪೌಂಡ್ ಮಾತ್ರ ವಾಪಸ್ ಬಂತು. ವೀಸಾಗೆ ಬೇಕಾದ ಟಿಬಿ ಟೆಸ್ಟ್ ಸರ್ಟಿಫಿಕೇಟಿಗೆ ಆರೇ ತಿಂಗಳು ವ್ಯಾಲಿಡಿಟಿ, ಅದೂ ಮತ್ತೆ ಮಾಡಿಸ್ಬೇಕು. ಅಪೀಲಿಗೆ 28 ದಿನ ಟೈಮ್ ಇತ್ತು, ಆದ್ರೆ ಅದು ಎಳೆದಾಡತ್ತೆ ಅಂತ ನಾವು ಹೊಸದಾಗೇ ಹಾಕ್ತಿದೀವಿ, ಈ ಸಲ ಲಾಗಿನ್ ಅವಳದ್ದೇ. ಯುಕೆಯಲ್ಲಿ ದುಡ್ಡು ತಗೊಂಡು ವೀಸಾ ಸಲಹೆ ಕೊಡೋರು ಸಾಲಿಸಿಟರ್ ಥರದ ವಕೀಲರಾಗಿರ್ಬೇಕು ಇಲ್ಲ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಪಟ್ಟಿಯಲ್ಲಿರ್ಬೇಕು, ಇಲ್ದಿದ್ರೆ ಅದು ಅಪರಾಧ. ಇವನು ಯಾವ ಪಟ್ಟಿಯಲ್ಲೂ ಇಲ್ಲ.

ದುಡ್ಡು ವಾಪಸ್ ಕೇಳಿದ್ರೆ "ಫೈಲಿಂಗ್ ಮಾಡಿದೀವಲ್ಲ" ಅಂತಾನೆ. ಬಿಲ್ ಕೊಟ್ಟಿಲ್ಲ, ಯುಪಿಐ ಮಾಡಿಸ್ಕೊಂಡಿದ್ದೂ ಯಾವುದೋ ಹೆಂಗಸಿನ ಅಕೌಂಟಿಗೆ. ಇಂಥೋರ ಕೈಗೆ ಈಗಾಗ್ಲೇ ಸಿಕ್ಕಿದ್ರೆ ಆ ಟ್ರಾನ್ಸಾಕ್ಷನ್, ಚಾಟು ಯಾವುದನ್ನೂ ಡಿಲೀಟ್ ಮಾಡ್ಬೇಡಿ, ಗ್ರಾಹಕರ ಹೆಲ್ಪ್‌ಲೈನ್ 1915, ಗ್ರಾಹಕರ ಆಯೋಗಕ್ಕೆ ಹೋಗೋದಾದ್ರೆ ಎರಡು ವರ್ಷದೊಳಗೆ ದೂರು ಕೊಡ್ಬೇಕು. ನಮ್ಮ ದೂರು ರೆಡಿ ಆಗ್ತಿದೆ.