ಎಲ್ಲವನ್ನೂ ಒಂದೇ ಉಚಿತ ಇಮೇಲ್ ಖಾತೆಗೆ ಕಟ್ಟಬೇಡಿ

2021ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆಗೆ ಆದದ್ದು ಉಚಿತ ಇಮೇಲ್ ಬಳಸುವ ಎಲ್ಲರಿಗೂ ಗೊತ್ತಿರಬೇಕು. ಪುಟ್ಟ ಮಗನ ಜನನಾಂಗದ ಬಳಿ ಊತ ಕಾಣಿಸಿಕೊಂಡಿತ್ತು. ವೈದ್ಯರು ವೀಡಿಯೊ ಕರೆಯಲ್ಲಿ ನೋಡುವ ಮೊದಲು ಫೋಟೋ ಕಳುಹಿಸಿ ಎಂದು ನರ್ಸ್ ಹೇಳಿದ್ದರು. ಫೋನಿನಲ್ಲಿ ತೆಗೆದ ಆ ಫೋಟೋಗಳು ತಾವಾಗಿಯೇ ಗೂಗಲ್‌ನ ಫೋಟೋ ಸಂಗ್ರಹಕ್ಕೆ ಹೋದವು. ಅಲ್ಲಿನ ತಪಾಸಣೆಯಲ್ಲಿ ಅವು ಮಕ್ಕಳ ಲೈಂಗಿಕ ದೌರ್ಜನ್ಯದ ಚಿತ್ರಗಳು ಎಂದು ದಾಖಲಾದವು. ಎರಡೇ ದಿನದಲ್ಲಿ ಖಾತೆ ಬಂದ್ ಆಯಿತು.

ಫೋಟೋ ಸಂಗ್ರಹವೊಂದೇ ಹೋಗಿದ್ದರೆ ಮಾತು ಬೇರೆ. ಇಮೇಲ್ ಹೋಯಿತು, ಸಂಪರ್ಕಗಳ ಪಟ್ಟಿ ಹೋಯಿತು, ವರ್ಷಗಳ ಫೋಟೋಗಳು ಹೋದವು. ಅವರ ಫೋನ್ ಸಂಪರ್ಕವೂ ಅದೇ ಕಂಪನಿಯದ್ದಾಗಿದ್ದರಿಂದ ನಂಬರೂ ಹೋಯಿತು. ನಂಬರ್ ಹೋದಮೇಲೆ ಬೇರೆ ಕಡೆಯ ಖಾತೆಗಳಿಗೆ ಬೇಕಾದ ಓಟಿಪಿ ಬರುವುದೂ ನಿಂತಿತು. ಪೊಲೀಸರು ತನಿಖೆ ನಡೆಸಿ, ಅಪರಾಧವೇನೂ ಆಗಿಲ್ಲ ಎಂದು ಪ್ರಕರಣ ಮುಗಿಸಿದರು. ಆ ವಿಷಯ ತಿಳಿಸಲು ತನಿಖಾಧಿಕಾರಿಗೆ ಅವರ ಇಮೇಲೂ ಸಿಗಲಿಲ್ಲ, ಫೋನೂ ಸಿಗಲಿಲ್ಲ. ಪೊಲೀಸ್ ವರದಿ ಕೈಯಲ್ಲಿದ್ದರೂ ಖಾತೆ ಮರಳಿ ಬರಲಿಲ್ಲ. 2022ರ ಆಗಸ್ಟ್‌ನಲ್ಲಿ ಪತ್ರಿಕೆಯಲ್ಲಿ ವರದಿಯಾದಾಗಲೂ ಕಂಪನಿ ತನ್ನ ನಿರ್ಧಾರಕ್ಕೇ ಅಂಟಿಕೊಂಡಿತ್ತು.

ಇದರಲ್ಲಿ ಇಮೇಲ್‌ನ ತಪ್ಪು ಏನೂ ಇರಲಿಲ್ಲ ಎಂಬುದನ್ನು ಗಮನಿಸಿ. ತೊಂದರೆ ಹುಟ್ಟಿದ್ದು ಇನ್ನೊಂದು ಸೇವೆಯಲ್ಲಿ. ಆದರೆ ಎಲ್ಲ ಸೇವೆಗಳಿಗೂ ಖಾತೆ ಒಂದೇ, ಶಿಕ್ಷೆ ಬೀಳುವುದು ಖಾತೆಗೆ.

ಹುಡುಕಾಟದ ಕಂಪನಿಯೊಂದು ಇಮೇಲ್ ಕೊಡುವುದಕ್ಕೂ ಈ ಒಂದೇ ಖಾತೆಗೂ ನೇರ ಸಂಬಂಧ ಇದೆ. ಹುಡುಕಾಟಕ್ಕೆ ಲಾಗಿನ್ ಬೇಕಿಲ್ಲ, ಇವತ್ತು ಬಂದವರು ನಾಳೆ ಬೇರೆ ಕಡೆ ಹೋಗಬಹುದು. ಇಮೇಲ್‌ಗೆ ಲಾಗಿನ್ ಬೇಕೇ ಬೇಕು, ಒಮ್ಮೆ ವಿಳಾಸವನ್ನು ನಾಲ್ಕು ಕಡೆ ಕೊಟ್ಟವರು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಯಾಹೂ 1997ರಲ್ಲಿ ರಾಕೆಟ್‌ಮೇಲ್ ನಡೆಸುತ್ತಿದ್ದ ಕಂಪನಿಯನ್ನು ಕೊಂಡು ಯಾಹೂ ಮೇಲ್ ಮಾಡಿತು. ಆಲ್ಟಾವಿಸ್ಟಾ ಕೂಡ ಉಚಿತ ಇಮೇಲ್ ಕೊಟ್ಟು, 2002ರ ಮಾರ್ಚ್ ಕೊನೆಗೆ ಅದನ್ನು ಮುಚ್ಚಿತು. ಗೂಗಲ್ 2004ರ ಏಪ್ರಿಲ್ 1ರಂದು ಜಿಮೇಲ್ ಘೋಷಿಸಿದಾಗ ಹಾಟ್‌ಮೇಲ್ 2 ಎಂಬಿ, ಯಾಹೂ 4 ಎಂಬಿ ಜಾಗ ಕೊಡುತ್ತಿದ್ದವು. ಜಿಮೇಲ್ ಕೊಟ್ಟದ್ದು 1 ಜಿಬಿ. ಅನೇಕರು ಅದನ್ನು ಏಪ್ರಿಲ್ ಫೂಲ್ ಎಂದೇ ತಿಳಿದರು.

ಆಗ ಎದ್ದ ಗಲಾಟೆ, ಜಾಹೀರಾತಿಗಾಗಿ ಪತ್ರಗಳನ್ನು ಯಂತ್ರ ಓದುತ್ತದೆ ಎಂಬುದರ ಬಗ್ಗೆ. ಅದು ನ್ಯಾಯವಾದ ಆಕ್ಷೇಪವೇ. ಜಾಹೀರಾತು ಹೊಂದಿಸಲು ಪತ್ರ ಓದುವುದನ್ನು ನಿಲ್ಲಿಸುತ್ತೇವೆ ಎಂದು ಕಂಪನಿ ಹೇಳಿದ್ದು 2017ರಲ್ಲಿ. ಆದರೆ ಬಳಕೆದಾರರಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಅದಲ್ಲ, ಇನ್ನೊಂದು ಮಾತು: ಏನನ್ನೂ ಅಳಿಸಬೇಡಿ, ಬೇಕಾದಾಗ ಹುಡುಕಿಕೊಳ್ಳಿ. ಜನ ನಂಬಿದರು. ಪಾಸ್‌ಪೋರ್ಟ್ ಪ್ರತಿ, ಅಂಕಪಟ್ಟಿ, ಆಸ್ತಿ ಕಾಗದದ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಇನ್‌ಬಾಕ್ಸ್‌ನಲ್ಲೇ ಉಳಿದವು, ಬೇರೆಲ್ಲೂ ಪ್ರತಿ ಇಲ್ಲದೆ.

ಆಮೇಲೆ ಜಾಗದ ಲೆಕ್ಕ ಬದಲಾಯಿತು. 2013ರಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ ಎಂದಾಯಿತು. 2021ರ ಜೂನ್ 1ರಿಂದ, ಅಲ್ಲಿಯವರೆಗೆ ಉಚಿತವಾಗಿದ್ದ ಸಂಕುಚಿತ ಗುಣಮಟ್ಟದ ಹೊಸ ಫೋಟೋಗಳೂ ಆ 15 ಜಿಬಿಯನ್ನೇ ತಿನ್ನತೊಡಗಿದವು. ಹಾಗಾಗಿ ಫೋನಿನ ವೀಡಿಯೊಗಳಿಂದ ಆ ಜಾಗ ತುಂಬಿದರೆ ಇಮೇಲ್ ನಿಲ್ಲುತ್ತದೆ. ಕೇಳಲು ವಿಚಿತ್ರ, ಆದರೆ ನಡೆಯುವುದು ಹೀಗೆಯೇ.

ಜಾಗ ತುಂಬಿದಾಗ ಆಗುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಾನಿಯ ದೊಡ್ಡ ಪಾಲು ಕಣ್ಣಿಗೆ ಬೀಳುವುದೇ ಇಲ್ಲ. ಬರುತ್ತಿರುವ ಪತ್ರವನ್ನು ಸರ್ವರ್ ಮೊದಲು 452 ಸಂಖ್ಯೆಯ ತಾತ್ಕಾಲಿಕ ತಿರಸ್ಕಾರ ಕೊಟ್ಟು ತಡೆಯಬಹುದು. ಕಳುಹಿಸಿದ ಕಡೆಯ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಸಾಮಾನ್ಯವಾಗಿ 4–5 ದಿನ. ಅಷ್ಟರಲ್ಲಿ ಜಾಗ ಆಗದಿದ್ದರೆ ಪತ್ರ ಬೌನ್ಸ್ ಆಗುತ್ತದೆ, ಅಂದರೆ ತಲುಪಲಿಲ್ಲ ಎಂಬ ಸೂಚನೆಯೊಂದಿಗೆ ವಾಪಸಾಗುತ್ತದೆ. 552 ಬಂದರೆ ತಿರಸ್ಕಾರ ಅಲ್ಲಿಗೇ ಖಚಿತ. ಎರಡರಲ್ಲೂ ಸೂಚನೆ ಹೋಗುವುದು ಕಳುಹಿಸಿದವರಿಗೆ, ನಿಮಗಲ್ಲ. ಕಳುಹಿಸಿದ್ದು ಮನುಷ್ಯನಾದರೆ ಫೋನ್ ಮಾಡಿ ಹೇಳಬಹುದು. ಬ್ಯಾಂಕ್, ವಿಮೆ, ಪರೀಕ್ಷಾ ಮಂಡಳಿಗಳ ತಂತ್ರಾಂಶ ಕಳುಹಿಸಿದ್ದಾದರೆ ಆ ಬೌನ್ಸ್ ಅನ್ನು ಯಾರೂ ಓದುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಗುಂಪಿನಲ್ಲಿ ಪತ್ರ ಕಳುಹಿಸುವ ಅನೇಕ ವ್ಯವಸ್ಥೆಗಳು ಬೌನ್ಸ್ ಆದ ವಿಳಾಸವನ್ನು ತಡೆಪಟ್ಟಿಗೆ ಸೇರಿಸಿಬಿಡುತ್ತವೆ. ನೀವು ಜಾಗ ಖಾಲಿ ಮಾಡಿದಮೇಲೂ ಅವರ ಪತ್ರ ಬರುವುದಿಲ್ಲ. ಆದ್ದರಿಂದ ಖಾತೆ ತುಂಬಿ ನಿಂತಿದ್ದು ತಿಳಿದ ಕೂಡಲೇ ಎರಡು ಕೆಲಸ ಮಾಡಬೇಕು: ಜಾಗ ಬಿಡಿಸುವುದು, ಮುಖ್ಯ ಸಂಸ್ಥೆಗಳ ಜಾಲತಾಣಕ್ಕೆ ಹೋಗಿ ವಿಳಾಸವನ್ನು ಮತ್ತೊಮ್ಮೆ ದೃಢಪಡಿಸುವುದು. ಎರಡನೆಯದನ್ನು ಹೆಚ್ಚಿನವರು ಮಾಡುವುದಿಲ್ಲ, ತಿಂಗಳಾನುಗಟ್ಟಲೆ ಓಟಿಪಿ ಬರುತ್ತಿಲ್ಲ ಎಂದು ಒದ್ದಾಡುತ್ತಾರೆ.

ಜಾಗ ಬಿಡಿಸಲು ಜಿಮೇಲ್‌ನ ಹುಡುಕಾಟದ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಲಾರ್ಜರ್, ಕೋಲನ್ ಚಿಹ್ನೆ, ಬಳಿಕ 10ಎಂ ಎಂದು ನಡುವೆ ಜಾಗ ಬಿಡದೆ ಟೈಪ್ ಮಾಡಿ. 10 ಎಂಬಿಗಿಂತ ದೊಡ್ಡ ಪತ್ರಗಳೆಲ್ಲ ಒಟ್ಟಿಗೆ ಬರುತ್ತವೆ. ಬೇಕಾದ ಅಟ್ಯಾಚ್‌ಮೆಂಟ್ ಇಳಿಸಿಕೊಂಡು ಉಳಿದದ್ದನ್ನು ಅಳಿಸಿ. ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಕೂತಿರುತ್ತದೆ, ಅಷ್ಟು ದಿನವೂ ಜಾಗ ಹಿಡಿದೇ ಇರುತ್ತದೆ. ಟ್ರ್ಯಾಶನ್ನೂ ಖಾಲಿ ಮಾಡಬೇಕು. ಮಿತಿ ಮೀರಿದ ಸ್ಥಿತಿಯಲ್ಲೇ 2 ವರ್ಷ ಬಿಟ್ಟರೆ ಒಳಗಿರುವುದನ್ನು ಅಳಿಸುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆ. 2 ವರ್ಷ ಲಾಗಿನ್ ಆಗದ ಖಾತೆಯನ್ನೇ ತೆಗೆದುಹಾಕುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ತೀರಿಹೋದ ತಂದೆತಾಯಿಯ ಖಾತೆ, ಹಳೆಯ ಫೋಟೋಗಳಿವೆ ಎಂದು ಸುಮ್ಮನೆ ಬಿಟ್ಟ ಖಾತೆ, ಎಲ್ಲವೂ ಇದರಡಿ ಬರುತ್ತವೆ.

ಇನ್ನು ಬೀಗ ಬಿದ್ದ ಖಾತೆ. ಹೊಸ ಫೋನ್, ಹೊಸ ನಂಬರ್, ಮರೆತ ಪಾಸ್‌ವರ್ಡ್ ಈ ಮೂರೂ ಒಟ್ಟಿಗೆ ಬಂದಾಗ ಇದು ಆಗುತ್ತದೆ. ಬಹುತೇಕ ಜನರ ರಿಕವರಿ (ಖಾತೆ ಮರಳಿ ಪಡೆಯುವ) ವ್ಯವಸ್ಥೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ. ಮೊದಲ ಖಾತೆಗೆ ರಿಕವರಿ ವಿಳಾಸ ಎರಡನೆಯದು, ಎರಡನೆಯದಕ್ಕೆ ಮೊದಲನೆಯದು. ಪಾಸ್‌ವರ್ಡ್‌ಗಳೆಲ್ಲ ಬ್ರೌಸರ್‌ನಲ್ಲಿ, ಆ ಬ್ರೌಸರ್ ಸಿಂಕ್ ಆಗುವುದು ಅದೇ ಖಾತೆಗೆ. ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್‌ನ ಬ್ಯಾಕಪ್ ಕೂಡ ಅದೇ ಖಾತೆಯಲ್ಲಿ. ರಿಕವರಿ ನಂಬರ್ ಎಂದೋ ಬಿಟ್ಟ ಸಿಮ್‌ನದು, ಅದು ಈಗ ಯಾರದೋ ಕೈಯಲ್ಲಿ. ಇವುಗಳಲ್ಲಿ ಒಂದೂ ಖಾತೆಯ ಹೊರಗೆ ಸ್ವತಂತ್ರವಾಗಿ ನಿಂತಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ: ಫೋನ್ ಕಳೆದಿದೆ ಎಂದುಕೊಂಡು, ಬೇರೆಯವರ ಕಂಪ್ಯೂಟರ್‌ನಿಂದ ಒಳಗೆ ಹೋಗಲು ಏನೇನು ಬೇಕು ಎಂದು ಕಾಗದದ ಮೇಲೆ ಬರೆಯಿರಿ. ಆ ಪಟ್ಟಿಯ ಪ್ರತಿಯೊಂದೂ ಖಾತೆಯ ಒಳಗೇ ಇದ್ದರೆ ನಿಮ್ಮ ಹತ್ತಿರ ಕೀಲಿ ಇಲ್ಲ ಎಂದರ್ಥ.

ಇದಕ್ಕೆ ಪರಿಹಾರ ಸರಳ, ಕಾಗದದ್ದು. ಎರಡು ಹಂತದ ಪರಿಶೀಲನೆ ಹಾಕಿ, ಅದರ ಪುಟದಲ್ಲಿ, ಫೋನ್ ಇಲ್ಲದಾಗ ಬಳಸುವ ಬ್ಯಾಕಪ್ ಕೋಡ್‌ಗಳನ್ನು ತೆಗೆಯಿರಿ. ಗೂಗಲ್ 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದೊಂದು ಒಮ್ಮೆ ಮಾತ್ರ ನಡೆಯುತ್ತದೆ. ಹೊಸ ಪಟ್ಟಿ ತೆಗೆದರೆ ಹಳೆಯದು ಸತ್ತಂತೆ, ಹಾಗಾಗಿ ಮನೆಯಲ್ಲಿ ಎರಡು ಪಟ್ಟಿ ಇದ್ದರೆ ಹಳೆಯದನ್ನು ಹರಿದುಹಾಕಿ. ಪ್ರಿಂಟ್ ತೆಗೆದು ಮುಖ್ಯ ಕಾಗದಪತ್ರಗಳ ಜೊತೆ ಇಡಿ. ಅದರ ಸ್ಕ್ರೀನ್‌ಶಾಟ್ ತೆಗೆದು ಫೋಟೋಸ್‌ನಲ್ಲಿ ಇಟ್ಟರೆ ಮತ್ತೆ ಅದೇ ಸುತ್ತು. ರಿಕವರಿ ಇಮೇಲ್ ಬೇರೆ ಕಂಪನಿಯದ್ದಾಗಿರಲಿ, ಅದರ ಪಾಸ್‌ವರ್ಡ್ ಬೇರೆ ಇರಲಿ. ಈಗಾಗಲೇ ಬೀಗ ಬಿದ್ದಿದ್ದರೆ ರಿಕವರಿ ಅರ್ಜಿಯನ್ನು ನೀವು ಹಿಂದೆ ಬಳಸುತ್ತಿದ್ದ ಕಂಪ್ಯೂಟರ್ ಅಥವಾ ಫೋನ್‌ನಿಂದ, ಅದೇ ಬ್ರೌಸರ್‌ನಲ್ಲಿ, ಸಾಮಾನ್ಯವಾಗಿ ಲಾಗಿನ್ ಆಗುತ್ತಿದ್ದ ಮನೆ ಅಥವಾ ಕಚೇರಿಯ ಸಂಪರ್ಕದಿಂದ ಹಾಕಿ. ಸೈಬರ್ ಸೆಂಟರ್‌ನಿಂದಲೋ ಹೊಸ ಫೋನ್‌ನಿಂದಲೋ ಹಾಕಿದ ಅರ್ಜಿ ಅಪರಿಚಿತರದ್ದಾಗಿ ಕಾಣುತ್ತದೆ.

ಇಲ್ಲಿ ಇನ್ನೊಂದು ಗುಂಡಿ ಇದೆ, ಅದಕ್ಕೆ ಬಿದ್ದವರು ತುಂಬಾ ಜನ. ಉಚಿತ ಇಮೇಲ್ ಖಾತೆಗೆ ಫೋನ್ ಎತ್ತಿ ಸಮಸ್ಯೆ ಬಗೆಹರಿಸುವವರು ಇರುವುದಿಲ್ಲ. ಗಾಬರಿಯಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದವರಿಗೆ ಸಿಗುವುದು ವಂಚಕರ ನಂಬರ್. ಅವರು ಪರದೆ ಹಂಚುವ ಆ್ಯಪ್ ಹಾಕಿಸುತ್ತಾರೆ, ಪರಿಶೀಲನೆಗೆ ಎಂದು ಓಟಿಪಿ ಕೇಳುತ್ತಾರೆ. ಅರ್ಧ ಗಂಟೆಯಲ್ಲಿ ಇಮೇಲ್ ಜೊತೆ ಬ್ಯಾಂಕ್ ಖಾತೆಯೂ ಖಾಲಿ. ರಿಕವರಿ ನಡೆಯುವುದು ಕಂಪನಿಯ ಸ್ವಂತ ಪುಟದಲ್ಲಿ ಮಾತ್ರ. ಹಣ ಕೇಳುವವನು, ಓಟಿಪಿ ಓದಿ ಹೇಳಿ ಎನ್ನುವವನು, ಎಷ್ಟೇ ಮರ್ಯಾದೆಯಿಂದ ಮಾತಾಡಿದರೂ ಕಳ್ಳನೇ.

ಬಿಟ್ಟುಹೋದ ವಿಳಾಸ ಬೇರೆಯವರ ಪಾಲಾಗುವ ಅಪಾಯವನ್ನೂ ಹೇಳಬೇಕು. ಯಾಹೂ 2013ರಲ್ಲಿ, ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿಲ್ಲದ ಹೆಸರುಗಳನ್ನು ಹೊಸಬರಿಗೆ ಕೊಡತೊಡಗಿತು. ಹಳೆಯ ಮಾಲೀಕನ ಪಾಸ್‌ವರ್ಡ್ ರೀಸೆಟ್ ಕೊಂಡಿಗಳು ಹೊಸಬನ ಇನ್‌ಬಾಕ್ಸ್‌ಗೆ ಬೀಳಬಹುದಿತ್ತು. ಆ ವಿಳಾಸ ಇಂಥ ದಿನಾಂಕದಿಂದ ಒಬ್ಬನ ಬಳಿಯೇ ಇದೆಯೇ ಎಂದು ಪರೀಕ್ಷಿಸುವ ಹೊಸ ಹೆಡರನ್ನು (ಪತ್ರದ ಜೊತೆ ಸರ್ವರ್‌ಗೆ ಹೋಗುವ ಸೂಚನೆಯ ಸಾಲು) ಯಾಹೂ ಮತ್ತು ಫೇಸ್‌ಬುಕ್ ಸೇರಿ ರೂಪಿಸಿದವು. ಆದರೆ ಅದು ಕೆಲಸ ಮಾಡಬೇಕಾದರೆ ಕಳುಹಿಸುವವರೂ ಅದನ್ನು ಬಳಸಬೇಕು. ಗೂಗಲ್ ಅಳಿಸಿದ ಜಿಮೇಲ್ ಹೆಸರನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ನಿಮ್ಮ ಕಂಪನಿಯ ನಿಯಮ ಯಾವುದು ಎಂದು ಓದಿಕೊಳ್ಳಿ.

ಬ್ಯಾಕಪ್ ವಿಷಯಕ್ಕೆ ಬರೋಣ. ಅಷ್ಟು ದೊಡ್ಡ ಕಂಪನಿಯಲ್ಲಿ ಪತ್ರ ಎಲ್ಲಿ ಹೋಗುತ್ತದೆ ಎನ್ನುವವರು 2011ರ ಫೆಬ್ರವರಿಯನ್ನು ನೆನಪಿಟ್ಟುಕೊಳ್ಳಬೇಕು. ಸಂಗ್ರಹದ ತಂತ್ರಾಂಶದ ಅಪ್‌ಡೇಟ್ ಒಂದರಲ್ಲಿದ್ದ ದೋಷದಿಂದ ಸುಮಾರು ಶೇ. 0.02 ಜಿಮೇಲ್ ಬಳಕೆದಾರರ ಇನ್‌ಬಾಕ್ಸ್ ಬರಿದಾಗಿತ್ತು. ಬೇರೆ ಬೇರೆ ಡೇಟಾ ಕೇಂದ್ರಗಳಲ್ಲಿದ್ದ ಪ್ರತಿಗಳಿಗೂ ದೋಷ ತಟ್ಟಿತ್ತು, ಕೊನೆಗೆ ಮ್ಯಾಗ್ನೆಟಿಕ್ ಟೇಪ್‌ನಿಂದ ಮರಳಿ ತರಬೇಕಾಯಿತು. ಅವರ ತಪ್ಪಿಗೆ ಅವರ ಟೇಪ್ ಇತ್ತು. ನಿಮ್ಮ ಖಾತೆಯನ್ನೇ ಅವರು ಮುಚ್ಚಿದರೆ ಯಾವ ಟೇಪೂ ಇಲ್ಲ.

ಖಾತೆಯಲ್ಲಿರುವುದರ ಪ್ರತಿ ಇಳಿಸಿಕೊಳ್ಳುವ ಗೂಗಲ್ ಟೇಕ್‌ಔಟ್ ಪುಟದಲ್ಲಿ ಮೊದಲು ಎಲ್ಲ ಗುರುತುಗಳನ್ನೂ ತೆಗೆದು, ಮೇಲ್ ಮತ್ತು ಕಾಂಟ್ಯಾಕ್ಟ್ಸ್ ಎರಡನ್ನೇ ಆರಿಸಿ. ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಕಡತ ದೈತ್ಯವಾಗಿ ಇಳಿಸುವಾಗ ಅರ್ಧಕ್ಕೇ ನಿಲ್ಲಬಹುದು. ಎಲ್ಲಿಗೆ ಕಳುಹಿಸಬೇಕು ಎಂದು ಕೇಳಿದಾಗ ಡ್ರೈವ್ ಆರಿಸಬೇಡಿ: ಅದು ಅದೇ ಖಾತೆ, ಅದೇ 15 ಜಿಬಿ. ಡೌನ್‌ಲೋಡ್ ಕೊಂಡಿಯನ್ನೇ ಆರಿಸಿ. ಕೊಂಡಿ ಕೆಲವೇ ದಿನ ಬದುಕಿರುತ್ತದೆ, ಬಂದ ದಿನವೇ ಇಳಿಸಿ. ಎರಡು ತಿಂಗಳಿಗೊಮ್ಮೆ, ಒಂದು ವರ್ಷದವರೆಗೆ ತಾನಾಗಿ ಪ್ರತಿ ತಯಾರಾಗುವ ಆಯ್ಕೆಯೂ ಇದೆ, ವರ್ಷ ಮುಗಿದಮೇಲೆ ಮತ್ತೆ ಹೊಂದಿಸಬೇಕು. ಪತ್ರಗಳು ಎಂಬಾಕ್ಸ್ (ಅನೇಕ ಪತ್ರಗಳನ್ನು ಒಟ್ಟಿಗೆ ಇಡುವ) ಕಡತವಾಗಿ ಬರುತ್ತವೆ. ಕಂಪ್ಯೂಟರ್‌ನಲ್ಲಿ ಇಮೇಲ್ ಓದುವ ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ ಎಂಬ ಆ್ಯಡ್-ಆನ್ ಹಾಕಿ ಅದನ್ನು ತೆರೆಯಬಹುದು. ತೆರೆದು, ಬಹಳ ಹಳೆಯ ಒಂದು ಪತ್ರ ಹುಡುಕಿ, ಅದರ ಅಟ್ಯಾಚ್‌ಮೆಂಟ್ ತೆರೆದುಕೊಳ್ಳುತ್ತದೆಯೇ ನೋಡಿ. ಒಮ್ಮೆಯೂ ತೆರೆದು ನೋಡದ ಬ್ಯಾಕಪ್ ಅನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಐಮ್ಯಾಪ್ ಮೂಲಕ ಥಂಡರ್‌ಬರ್ಡ್‌ಗೆ ಖಾತೆ ಸೇರಿಸಿದ್ದೇನೆ, ಅದೇ ಬ್ಯಾಕಪ್ ಎಂದು ಹೇಳುವವರಿದ್ದಾರೆ. ಅಲ್ಲ. ಐಮ್ಯಾಪ್ ಸರ್ವರ್‌ನಲ್ಲಿರುವುದರ ಪ್ರತಿಬಿಂಬ, ಅಲ್ಲಿ ಅಳಿದದ್ದು ಇಲ್ಲಿಯೂ ಅಳಿಯುತ್ತದೆ. ಪತ್ರಗಳನ್ನು ಲೋಕಲ್ ಫೋಲ್ಡರ್ಸ್‌ಗೆ ನಕಲು ಮಾಡಿದರೆ ಮಾತ್ರ ಅವು ನಿಮ್ಮ ಡಿಸ್ಕ್‌ನಲ್ಲಿ ಉಳಿಯುತ್ತವೆ. ಜಿಮೇಲ್‌ನ ಲೇಬಲ್‌ಗಳು ಅಲ್ಲಿ ಫೋಲ್ಡರ್‌ಗಳಾಗಿ ಕಾಣುವುದರಿಂದ ಒಂದೇ ಪತ್ರ ಮೂರು ನಾಲ್ಕು ಕಡೆ ಬರುತ್ತದೆ. ಆಲ್ ಮೇಲ್ ಫೋಲ್ಡರ್ ಒಂದನ್ನೇ ನಕಲಿಸಿದರೆ ಸಾಕು.

ಸ್ವಲ್ಪ ಖರ್ಚು ಮಾಡಲು ಸಿದ್ಧರಿರುವವರಿಗೆ ನಮ್ಮ ಸಲಹೆ ಸ್ವಂತ ಡೊಮೇನ್, ಅಂದರೆ ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ, ನೀವೇ ನೋಂದಾಯಿಸಿಕೊಂಡ ಹೆಸರು. ವಿಳಾಸ ನಿಮ್ಮ ಹೆಸರಿನ ಡೊಮೇನ್‌ನಲ್ಲಿದ್ದರೆ, ಪತ್ರ ಇಡುವ ಕಂಪನಿ ಕೈಕೊಟ್ಟ ದಿನ ಡಿಎನ್‌ಎಸ್‌ನಲ್ಲಿ (ಡೊಮೇನ್‌ಗಳ ವಿಳಾಸ ಪುಸ್ತಕ) ಪತ್ರ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಬದಲಿಸಿ ಬೇರೆ ಕಂಪನಿಗೆ ಹೋಗಬಹುದು. ವಿಳಾಸ ಬದಲಾಗುವುದಿಲ್ಲ, ಹೊಸ ಪತ್ರಗಳು ಹೊಸ ಕಡೆ ಬರುತ್ತವೆ. ಪತ್ರ ನಿಜವಾಗಿ ನಿಮ್ಮ ಡೊಮೇನ್‌ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನೂ ಹೊಸ ಕಂಪನಿಯದಕ್ಕೆ ಬದಲಿಸಿ, ಇಲ್ಲವಾದರೆ ನೀವು ಕಳುಹಿಸಿದ್ದು ಸ್ಪ್ಯಾಮ್‌ಗೆ ಬೀಳಬಹುದು. ಹಳೆಯ ಪತ್ರಗಳು ತಾವಾಗಿ ಬರುವುದಿಲ್ಲ, ಅದಕ್ಕೇ ಮೇಲೆ ಹೇಳಿದ ಬ್ಯಾಕಪ್. ಡೊಮೇನ್ ನೋಂದಾಯಿಸಿದ ಖಾತೆಯ ಸಂಪರ್ಕ ವಿಳಾಸ ಅದೇ ಡೊಮೇನ್‌ನಲ್ಲಿ ಇರಕೂಡದು: ನವೀಕರಣ ತಪ್ಪಿದರೆ ಎಚ್ಚರಿಕೆಯ ಪತ್ರವೇ ನಿಮಗೆ ತಲುಪುವುದಿಲ್ಲ.

ವಿಳಾಸ ಬದಲಿಸುವವರು ಬ್ಯಾಂಕ್‌ನಿಂದ ಶುರುಮಾಡಿ, ಆಮೇಲೆ ಸರ್ಕಾರಿ ಸೇವೆಗಳು, ಫೋನ್ ಕಂಪನಿ, ವಿಮೆ. ಗೂಗಲ್ ಮೂಲಕ ಸೈನ್ ಇನ್ ಎಂಬ ಗುಂಡಿ ಒತ್ತಿ ಸೇರಿದ ಜಾಲತಾಣಗಳನ್ನು ಮರೆಯಬೇಡಿ. ಅಲ್ಲಿ ನಿಮಗೆ ಬೇರೆ ಪಾಸ್‌ವರ್ಡೇ ಇರುವುದಿಲ್ಲ, ಖಾತೆ ತೆರೆದಿರುವಾಗಲೇ ಹೊಸದನ್ನು ಹಾಕಿಕೊಳ್ಳಬೇಕು. ಪಟ್ಟಿ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಸಿಗುತ್ತದೆ. ಹಳೆಯ ಖಾತೆಯನ್ನು ಕೂಡಲೇ ಅಳಿಸಬೇಡಿ. ಫಾರ್ವರ್ಡ್ ಹಾಕಿ ಕನಿಷ್ಠ 13 ತಿಂಗಳು ಇಟ್ಟುಕೊಳ್ಳಿ, ನಡುನಡುವೆ ಲಾಗಿನ್ ಆಗಿ: ವಿಮೆ ಕಂತು, ತೆರಿಗೆ, ಡೊಮೇನ್ ನವೀಕರಣ ಇವೆಲ್ಲ ವರ್ಷಕ್ಕೊಮ್ಮೆ ಮಾತ್ರ ಬರುವ ಪತ್ರಗಳು, ಯಾವುದನ್ನು ಬದಲಿಸಲು ಮರೆತಿದ್ದೀರಿ ಎಂದು ಗೊತ್ತಾಗುವುದು ಅವು ಬಂದಾಗಲೇ.